ಹೊಸ್ತಿಲ ಮೇಲೆ ನನ್ನ ಹಿಮ್ಮಡಿ

ನನ್ನ ಬಲಗಾಲಿನ ಹಿಮ್ಮಡಿ ನನ್ನ ಸ್ವಂತ ವಿಷಯ ಎಂದು ನಾನು ತಿಳಿದಿದ್ದೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು. ಕಪ್ಪೆಯಿಂದ ಕುದುರೆಯವರೆಗೆ ಯಾವ ಪ್ರಾಣಿ ಯಾವ ಎಲುಬಿನ ಮೇಲೆ ಭಾರ ಹಾಕಿ ನಿಲ್ಲುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಅಂಥವಳಿಗೆ ತನ್ನದೇ ಒಂದು ಹಿಮ್ಮಡಿಯನ್ನು ಯಾರಿಗೂ ಗೊತ್ತಾಗದಂತೆ ಸರಿಮಾಡಿಕೊಳ್ಳುವುದು ಎಷ್ಟರ ಕೆಲಸ? ಆರು ವಾರದ ಕೆಲಸ ಎಂದು ಅಂದಾಜು ಮಾಡಿ ಡೈರಿಯಲ್ಲಿ ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ನೋವು ಬಹಳ ಶಿಸ್ತಿನದು. ಮುಂಜಾನೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಯೊಳಗೆ ಮೊಳೆ ನೆಟ್ಟಂತಾಗುತ್ತಿತ್ತು. ಹತ್ತು ಹೆಜ್ಜೆ ನಡೆದ ಮೇಲೆ ಮೊಳೆ ಕರಗುತ್ತಿತ್ತು. ಕಾಲೇಜಿನಲ್ಲಿ ನಾಲ್ಕು ಪೀರಿಯಡ್ ನಿಂತು ಪಾಠ ಮಾಡಿದ ಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಇಬ್ಬರಲ್ಲಿ ಅದೊಂದಕ್ಕಾದರೂ ಕೂರುವ ಅವಕಾಶವಿತ್ತು.

ನಾನು ಕೂರುವಂತಿರಲಿಲ್ಲ. ಬಸವಕಲ್ಯಾಣದ ಒಂದು ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂದ ಮೇಲೆ ಪ್ರತಿ ವರ್ಷ ಕರೆದರೆ ಮಾತ್ರ ಹೋಗಬೇಕು. ನಮ್ಮ ಪ್ರಿನ್ಸಿಪಾಲ್ ಸಾಹೇಬರು ದಿನಕ್ಕೆ ಎರಡು ಸಲ ವರಾಂಡದಲ್ಲಿ ನಡೆಯುತ್ತ ಪ್ರತಿ ಕ್ಲಾಸಿನ ಕಿಟಕಿಯಲ್ಲೂ ಇಣುಕಿ ನೋಡುತ್ತಾರೆ. ಏನನ್ನೂ ಹೇಳುವುದಿಲ್ಲ. ಅದೇ ಹೆಚ್ಚು ಭಯ. ಮುಡಬಿಯಿಂದ ದಿನಾಲು ಬಂದು ಹೋಗುವ ಕನ್ನಡದ ಶಿವಲೀಲಾ ಮೇಡಂ ನನಗೆ ಮೊದಲ ವಾರದಲ್ಲೇ ಎಚ್ಚರಿಕೆ ಕೊಟ್ಟಿದ್ದರು.

"ಕ್ಲಾಸಿನ್ಯಾಗ ಯಾರು ಕುಂತಾರ, ಯಾರು ನಿಂತಾರ ಅಂತ ಸಾಹೇಬ್ರು ಮನಸ್ಸಿನ್ಯಾಗ ಬರ್ಕೋತಾರ. ಈ ವರ್ಷ ಕ್ಲಾಸಿನ್ಯಾಗ ಕುಂತವರು ಮುಂದಿನ ವರ್ಷ ಮನ್ಯಾಗ ಕುಂದ್ರತಾರ, ತಿಳ್ಕೊ."

ನಾನು ತಿಳಿದುಕೊಂಡೆ. ಹಿಮ್ಮಡಿ ನೋಯುತ್ತದೆ ಎಂದು ಗೊತ್ತಾದರೆ ನಿಲ್ಲಲಾರದವಳು ಎಂದಾಗುತ್ತದೆ. ನಿಲ್ಲಲಾರದವಳನ್ನು ಯಾರು ಕರೆಯುತ್ತಾರೆ? ಆದ್ದರಿಂದ ಚಿಕಿತ್ಸೆಯನ್ನು ನಮ್ಮ ಊರಿನಲ್ಲಿ ಮಾಡಿಸದೆ, ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ ಗುಟ್ಟಾಗಿ ಮಾಡಿಸಬೇಕೆಂದು ತೀರ್ಮಾನಿಸಿದೆ. ಮನೆಯಲ್ಲಿ ಇರುವವಳು ಅವ್ವ ಒಬ್ಬಳೇ. ಅವಳಿಂದ ಮಾತು ತೆಗೆದುಕೊಂಡೆ.

"ಯಾರ ಮುಂದೂ ಹಿಮ್ಮಡದ ಸುದ್ದಿ ತೆಗೀಬ್ಯಾಡ."

"ನಾ ಯಾಕ ತೆಗೀಲಿ?" ಎಂದಳು ಅವ್ವ. "ಸತ್ರೂ ಹಿಮ್ಮಡದ ಹೆಸರು ಹೇಳಂಗಿಲ್ಲ."

ಈ ಮಾತನ್ನು ಅವಳು ಅಕ್ಷರಶಃ ನಡೆಸಿಕೊಟ್ಟಳು. ಆಗಿದ್ದೆಲ್ಲ ಅದರಿಂದಲೇ.

ಮಾಣಿಕನಗರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಔಷಧಿ ಅಂಗಡಿಯ ಮೇಲೆ ಆ ಫಿಸಿಯೋಥೆರಪಿ ಕೋಣೆ. ಎರಡು ಮಂಚ, ನಡುವೆ ಹಸಿರು ಪರದೆ, ಗೋಡೆಯ ಮೇಲೆ ಚರ್ಮವಿಲ್ಲದ ಮನುಷ್ಯನ ಚಿತ್ರ. ಅವನೊಬ್ಬನೇ ಅಲ್ಲಿ ಆರಾಮವಾಗಿ ಕಂಡ. ಫಿಸಿಯೋ ಮೇಡಂ ನನ್ನ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ, ನನ್ನ ಮುಖ ನೋಡಿ, ಸರಿಯಾದ ಜಾಗ ಸಿಕ್ಕಿತು ಎಂಬಂತೆ ತಲೆಯಾಡಿಸಿದರು.

"ಇದು ಹಳೇದಾಗ್ಯಾದ್ರಿ ಮೇಡಂ. ಹಳೇ ನೋವಿಗೆ ದೇಹ ಬೆಲೆ ಕೊಡಂಗಿಲ್ಲ. ಕಚೇರಿಯಾಗಿನ ಹಳೇ ಅರ್ಜಿ ಇದ್ದಂಗ, ಬುಡಕ್ಕ ಬಿದ್ದಿರ್ತದ. ನಾವು ಈ ಮಷೀನಿನಿಂದ ಸಣ್ಣಗ ಬಡದು, ಇಲ್ಲಿ ಹೊಸಾ ಪೆಟ್ಟು ಬಿದ್ದದ ಅಂತ ಸುದ್ದಿ ಮುಟ್ಟಸ್ತೇವಿ. ಆಮ್ಯಾಲ ಅದು ತಾನ ರಿಪೇರಿಗೆ ಬರ್ತದ."

"ಅಂದ್ರ ದೇಹಕ್ಕ ಸುಳ್ಳು ಹೇಳೋದು," ಎಂದೆ.

"ಜರಾ ಜೋರಾಗಿ ಖರೆ ಹೇಳೋದು ಅನ್ರಿ," ಎಂದರು ಅವರು. "ಎಲ್ಲಾರಿಗೂ ಆಗೇ ಆಗ್ತದಂತ ನಾ ಹೇಳಂಗಿಲ್ಲ. ಇದರಿಂದ ಆಗಲಿಲ್ಲಂದ್ರ ನಿಮ್ಮದ ರಕ್ತ ತೆಗದು, ಮಷೀನಿನ್ಯಾಗ ಗರಗರ ತಿರುಗಿಸಿ, ಅದರಾಗಿನ ಗಾಯ ಮಾಯಿಸೋ ಸಾರ ಅಷ್ಟ ನಿಮ್ಮ ಹಿಮ್ಮಡಕ್ಕ ಇಂಜೆಕ್ಷನ್ ಮಾಡೋ ಡಾಕ್ಟರ್ ಅದಾರ. ಅದು ಆಮ್ಯಾಲಿನ ಮಾತು. ಮೊದಲ ಇದು."

ಮಷೀನು ಒಂದು ದಪ್ಪ ಪೆನ್ನಿನಂತೆ ಇತ್ತು. ಹಿಮ್ಮಡಿಗೆ ತಾಗಿಸಿದೊಡನೆ ಟಕಟಕಟಕ ಎಂದು ಶುರುವಾಯಿತು. ಪರದೆಯ ಆಚೆಯ ಮಂಚದಲ್ಲಿ ಘಾಟಬೋರಾಳದ ಹಿರಿಯರೊಬ್ಬರು ಭುಜಕ್ಕೆ ಶಾಖ ಕೊಡಿಸಿಕೊಳ್ಳುತ್ತ ಮಲಗಿದ್ದರು. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಏನ್ ತಂಗಿ, ಕಾಲಾಗ ಬೋರ್ ಹೊಡಸಾಕತ್ತೀಯೇನು? ಎಷ್ಟು ಫೂಟಿಗೆ ನೀರು ಬಿತ್ತು?" ಎಂದರು.

ನಾನು ಅಪರಿಚಿತರೊಡನೆ ಹಿಮ್ಮಡಿಯ ಬಗ್ಗೆ ಮಾತನಾಡುವವಳಲ್ಲ. ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದ್ದೇ ತಪ್ಪಾಯಿತು. ನನಗೆ ಕಣ್ಣು ಮುಚ್ಚಿದರೆ ಸಾಕು, ಎಲ್ಲಿಗೋ ಹೋಗಿಬಿಡುತ್ತೇನೆ. ಟಕಟಕ ಸದ್ದು ದೂರವಾಯಿತು. ನನ್ನ ಕಾಲೊಳಗೆ ಒಂದು ಸುದ್ದಿ ಮೇಲೆ ಹೋಗುತ್ತಿತ್ತು. ಮೀನಖಂಡ ದಾಟಿ, ಮಂಡಿಯ ತಿರುವಿನಲ್ಲಿ ಒಂದು ಕ್ಷಣ ನಿಂತು, ತೊಡೆಯ ಉದ್ದ ದಾರಿ ಹಿಡಿದು ಹೋಗುತ್ತಿತ್ತು. ಮೇಲೆ ಎಲ್ಲೋ ಒಂದು ಊರಿನಲ್ಲಿ ಜೀವಕೋಶಗಳು ಬೆಳಗಿನ ಬಿಸಿಲಿಗೆ ಕೂತು ಜೋಳದ ರೊಟ್ಟಿ ಬುತ್ತಿ ಕಟ್ಟಿಕೊಳ್ಳುತ್ತಿದ್ದವು. 'ಕೆಳಗ ಕೆಲಸ ಬಂದದಂತ, ನಡೀರಿ' ಎಂದು ಒಂದು ಇನ್ನೊಂದಕ್ಕೆ ಹೇಳಿತು. ಅವು ಸಾಲಾಗಿ, ಅವಸರವಿಲ್ಲದೆ, ನನ್ನ ಕಡೆಗೆ ನಡೆಯತೊಡಗಿದವು. ನನಗಾಗಿ ಇಷ್ಟು ಜನ ಬರುತ್ತಿದ್ದಾರಲ್ಲ, ಎದ್ದು ಕೈ ಮುಗಿಯಬೇಕೆನಿಸಿತು.

"ಮೇಡಂ, ಆಯ್ತ್ರಿ, ಏಳ್ರಿ," ಎಂದರು ಫಿಸಿಯೋ ಮೇಡಂ.

ಆಮೇಲೆ ಅವರು ವ್ಯಾಯಾಮ ಹೇಳಿಕೊಟ್ಟರು. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು ನಿಲ್ಲಬೇಕು. ಹಿಮ್ಮಡಿ ಹೊರಗೆ ತೂಗುತ್ತಿರಬೇಕು. ಬೆರಳಿನ ಕೆಳಗೆ ಸುತ್ತಿದ ಟವೆಲ್. ಮೂರು ಎಣಿಸುತ್ತ ಮೇಲೇಳಬೇಕು, ಎರಡು ಎಣಿಸುವವರೆಗೆ ನಿಲ್ಲಬೇಕು, ಮೂರು ಎಣಿಸುತ್ತ ಕೆಳಗಿಳಿಯಬೇಕು. ಹನ್ನೆರಡು ಸಲ, ನಡುವೆ ಬಿಡುವು ಕೊಟ್ಟು ಮೂರು ಸುತ್ತು. ದಿನ ಬಿಟ್ಟು ದಿನ.

"ನೋವಿನ ಗುಳಿಗಿ ನುಂಗಬ್ಯಾಡ್ರಿ, ಐಸ್ ಇಡಬ್ಯಾಡ್ರಿ. ಬಂದ ರಿಪೇರಿಯವರನ್ನ ತಿರುಗಿ ಕಳಿಸಿದಂಗ ಆಗ್ತದ. ಮತ್ತ ಹೇಳಿದಕ್ಕಿಂತ ಹೆಚ್ಚು ಮಾಡಬ್ಯಾಡ್ರಿ. ಓದಿದವರ ಹೆಚ್ಚು ಮಾಡ್ತಾರ."

ನಾನು ನಸುನಕ್ಕೆ. ಬೇರೆ ಓದಿದವರ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡೆ.

ಮನೆಗೆ ಬಂದು ಮೆಟ್ಟಿಲು ಹುಡುಕಿದೆ. ಅಂಗಳದ ಮೂರು ಕಲ್ಲುಗಳು ಸವೆದು ಒಂದೊಂದು ಒಂದೊಂದು ಕಡೆಗೆ ವಾಲಿದ್ದವು. ಮಾಳಿಗೆಯ ಏಣಿ ಕಬ್ಬಿಣದ್ದು, ಹತ್ತಿದರೆ ಓಣಿಗೆಲ್ಲ ಕೇಳುತ್ತದೆ. ಸ್ಕೇಲು ಹಿಡಿದು ಮನೆಯನ್ನೆಲ್ಲ ಅಳೆದ ಮೇಲೆ ವೈಜ್ಞಾನಿಕವಾಗಿ ಸರಿಯಾದ ಜಾಗ ಒಂದೇ ಎಂದು ಸಿದ್ಧವಾಯಿತು. ಅದು ತಲಬಾಗಿಲಿನ ಹೊಸ್ತಿಲು. ಹಳೆಯ ಮನೆಯ ಕಟ್ಟಿಗೆಯ ಹೊಸ್ತಿಲು, ಒಂದು ಗೇಣು ಎತ್ತರ, ಅಂಚು ನೇರ. ಎರಡೂ ಬದಿಗೆ ಚೌಕಟ್ಟು, ಆಯ ತಪ್ಪಿದರೆ ಬೆರಳು ತಾಗಿಸಲು. ಫಿಸಿಯೋ ಕೋಣೆಯಲ್ಲೂ ಇಷ್ಟು ಒಳ್ಳೆಯ ಸಲಕರಣೆ ಇರಲಿಲ್ಲ.

ಟವೆಲ್ ಸುತ್ತಿ ಹೊಸ್ತಿಲ ಮೇಲೆ ಇಟ್ಟು ಹತ್ತಿದೆ. ಒಳಗಿನಿಂದ ಅವ್ವ ಬಂದು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಹೊಸ್ತಲ ಮ್ಯಾಲ ಯಾರರೆ ನಿಂದ್ರತಾರೇನು? ಅದೂ ದೀಪ ಹಚ್ಚೋ ಹೊತ್ತಿಗೆ? ಲಕ್ಷ್ಮಿ ಒಳಗ ಬರೋ ದಾರಿ ಅದು."

"ಅವ್ವಾ, ಹನ್ನೆರಡು ನಿಮಿಷ. ಆಮ್ಯಾಲ ಬರಲಿ."

"ಹನ್ನೆರಡು ನಿಮಿಷ ಆಕಿನ್ನ ಓಣ್ಯಾಗ ನಿಂದ್ರಸ್ತೀಯೇನು? ಬಾಜೂ ಮನಿಗೆ ಹೋದ್ರ?"

ವಾದ ನಡೆಯಿತು. ಕೊನೆಗೆ ಒಪ್ಪಂದವಾಯಿತು. ಅವ್ವನ ಷರತ್ತುಗಳು ಹೀಗಿದ್ದವು: ನಿಲ್ಲುವ ಮೊದಲು ಹೊಸ್ತಿಲನ್ನು ತೊಳೆದು ಅರಿಶಿಣ ಕುಂಕುಮ ಹಚ್ಚಿ, ತಪ್ಪಾಯಿತು ಎಂದು ಕೈ ಮುಗಿಯಬೇಕು. ಬೀದಿಗೆ ಮುಖ ಮಾಡಿದರೆ ಮನೆ ಬಿಟ್ಟು ಹೊರಟಂತೆ. ಆದ್ದರಿಂದ ಒಳಗೆ, ದೇವರ ಗೂಡಿನ ಕಡೆಗೆ ಮುಖ ಮಾಡಬೇಕು. ಮೈ ಒರೆಸುವ ಟವೆಲ್ಲನ್ನು ಹೊಸ್ತಿಲ ಮೇಲೆ ಇಡುವಂತಿಲ್ಲ. ಪೆಟ್ಟಿಗೆಯಲ್ಲಿ ಹೊಸದಾಗಿಯೇ ಇದ್ದ ಕೆಂಪು ಕುಬಸದ ಬಟ್ಟೆ, ಖಣವನ್ನು ಸುತ್ತಿ ಇಡಬೇಕು. ಸೋಮವಾರ, ಬುಧವಾರ, ಶುಕ್ರವಾರ ಎಂದು ನಾನು ದಿನ ಗೊತ್ತು ಮಾಡಿದ್ದರಿಂದ, ಸೋಮವಾರ ಶುಕ್ರವಾರ ತಲೆಗೆ ಸ್ನಾನ ಮಾಡಿಯೇ ನಿಲ್ಲಬೇಕು.

ಒಂದೊಂದಾಗಿ ನೋಡಿದರೆ ಯಾವುದರಲ್ಲೂ ತೊಂದರೆ ಕಾಣಲಿಲ್ಲ. ವ್ಯಾಯಾಮದ ಮೂಲ ತತ್ವಕ್ಕೆ ಭಂಗವಿಲ್ಲ ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಪ್ರಯೋಗಾಲಯದಲ್ಲೂ ತಪ್ಪುಗಳು ಹೀಗೆಯೇ ಒಂದೊಂದಾಗಿ, ನಿರುಪದ್ರವಿಗಳಾಗಿ ಒಳಗೆ ಬರುತ್ತವೆ.

ಆ ಸಂಜೆಗಳು ಚೆನ್ನಾಗಿದ್ದವು ಎಂದು ಹೇಳಲೇಬೇಕು. ಬೆನ್ನಿಗೆ ಓಣಿಯ ಕೊನೆಯ ಬೆಳಕು. ಮುಂದೆ ದೇವರ ಗೂಡಿನಲ್ಲಿ ಸಣ್ಣ ದೀಪ. ನಾನು ಕಣ್ಣು ಮುಚ್ಚಿ ಮೂರು ಎಣಿಸುತ್ತ ಮೇಲೇಳುತ್ತಿದ್ದೆ. ಮೇಲೆ ಹೋದಾಗ ದೀಪದ ಎಣ್ಣೆಯ ವಾಸನೆ, ಕೆಳಗೆ ಬಂದಾಗ ಒದ್ದೆ ಅಂಗಳದ ಮಣ್ಣಿನ ವಾಸನೆ. ನಾಲ್ಕೈದು ಸಲ ಏರಿಳಿದ ಮೇಲೆ ನಾನು ಮನೆಯ ಒಳಗೂ ಇಲ್ಲ, ಹೊರಗೂ ಇಲ್ಲ ಎನಿಸುತ್ತಿತ್ತು. ಬುತ್ತಿ ಕಟ್ಟಿಕೊಂಡ ಆ ಕೆಲಸಗಾರರು ಹಿಮ್ಮಡಿಗೆ ಬಂದು ತಲುಪಿರುತ್ತಿದ್ದರು. ಹರಿದ ಎಳೆಗಳನ್ನು ಹೊಲೆಯುತ್ತ, ಮೆಲ್ಲಗೆ ಹಾಡು ಹೇಳಿಕೊಳ್ಳುತ್ತಿದ್ದರು. ಅವರ ಹಾಡಿಗೆ ತಕ್ಕಂತೆ ನಾನು ಏರಿಳಿಯುತ್ತಿದ್ದೆ.

ಮೊದಲ ಬುಧವಾರ ಬೆನ್ನ ಹಿಂದೆ ಹಾಲಿನ ಕ್ಯಾನಿನ ಸದ್ದಾಯಿತು. ಕಾಶೀಬಾಯಿ ಕಾಕು. ನಮ್ಮ ಓಣಿಯ ತುದಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವ ಹಿರಿಯಾಕೆ. ಅವರ ಹಾಲಿಗಿಂತ ಅವರ ಸುದ್ದಿ ಗಟ್ಟಿ.

"ಏನ್ ಮಾಡಾಕತ್ತೀದಿ ಮಗಳ?" ಎಂದರು.

ನಾನು ಮೂರು ಎಣಿಸುತ್ತಿದ್ದೆ. ನಡುವೆ ಮಾತನಾಡಿದರೆ ಲೆಕ್ಕ ತಪ್ಪುತ್ತದೆ. ಸುಮ್ಮನೆ ಇಳಿದೆ, ಸುಮ್ಮನೆ ಏರಿದೆ. ಕಾಕು ಅರಿಶಿಣ ಕುಂಕುಮದ ಹೊಸ್ತಿಲನ್ನು, ಕೆಂಪು ಖಣವನ್ನು, ನನ್ನ ಒದ್ದೆ ಪಾದವನ್ನು, ಎದುರಿನ ದೀಪವನ್ನು ನೋಡಿರಬೇಕು. ದನಿ ತಗ್ಗಿಸಿ ಅವ್ವನನ್ನು ಕೇಳಿದರು.

"ಏನವ್ವಾ ಇದು?"

ಅವ್ವ ಹಿಮ್ಮಡಿಯ ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. "ಆಕೀದೊಂದು ನೇಮ ಅದ," ಎಂದಳು.

"ಎದಕ್ಕ?"

"ಹೇಳೋಹಂಗಿಲ್ಲ."

"ಎಷ್ಟು ದಿನ?"

"ಆರು ವಾರ."

ನಾನು ಮೇಲಿನ ಹಂತದಲ್ಲಿ ಎರಡು ಎಣಿಸುತ್ತ ನಿಂತಿದ್ದೆ. ಕೆಳಗೆ ಇಳಿದು ನಿಜ ಹೇಳಬಹುದಿತ್ತು. ಹೇಳಿದ್ದರೆ ಹಾಲಿನ ಜೊತೆಗೆ ನನ್ನ ಹಿಮ್ಮಡಿಯೂ ಮನೆಮನೆಗೆ ಅಳತೆಯಾಗುತ್ತಿತ್ತು. ಪ್ರಿನ್ಸಿಪಾಲ್ ಸಾಹೇಬರ ಮನೆಗೂ ಹಾಲು ಹಾಕುವವರು ಕಾಕುವೇ. ಹೇಳಲಿಲ್ಲ.

ಮುಂದಿನ ಸೋಮವಾರ ಕಾಶೀಬಾಯಿ ಕಾಕು ತಮ್ಮ ಹೊಸ್ತಿಲ ಮೇಲೆ ಹತ್ತಿ ನಿಂತರು. ಬುಧವಾರ ಎದುರು ಮನೆಯವರು. ಶುಕ್ರವಾರ ಸಂಜೆ ನಾನು ಕಣ್ಣು ತೆರೆದು ಹಿಂದೆ ತಿರುಗಿ ನೋಡಿದರೆ, ಓಣಿಯ ಉದ್ದಕ್ಕೂ ಬಾಗಿಲು ಬಾಗಿಲಲ್ಲಿ ಹೆಂಗಸರು, ಒಳಗೆ ಮುಖ ಮಾಡಿ, ಏರುತ್ತಿದ್ದರು, ಇಳಿಯುತ್ತಿದ್ದರು. ಎಲ್ಲರ ಎದುರು ಒಂದೊಂದು ದೀಪ. ಓಣಿಯೇ ಉಸಿರಾಡುತ್ತಿದ್ದಂತೆ ಇತ್ತು. ನಾನು ಬಹಳ ಹೊತ್ತು ನೋಡಿದೆ. ಸುಂದರವಾಗಿತ್ತು.

ಆದರೆ ತಪ್ಪಾಗಿತ್ತು. ಎದುರು ಮನೆಯವರು ಎರಡೇ ಎಣಿಸುತ್ತಿದ್ದರು. ಅವರ ಸೊಸೆ ಕುಟ್ಟಾಣಿಯಂತೆ ಟಪಟಪ ಇಳಿಯುತ್ತಿದ್ದಳು. ಈ ಒಂದು ವಿಷಯದಲ್ಲಿ ನನಗೆ ತಡೆದುಕೊಳ್ಳಲಾಗುವುದಿಲ್ಲ. ಏನನ್ನು ಬೇಕಾದರೂ ಮುಚ್ಚಿಡಬಲ್ಲೆ, ತಪ್ಪು ಮಾಡುವುದನ್ನು ನೋಡುತ್ತ ಸುಮ್ಮನಿರಲಾರೆ. ಓಣಿಗೆ ಇಳಿದೆ.

"ಹಂಗಲ್ರಿ. ಮೂರು ಎಣಿಸಿ ಏಳಬೇಕು. ಎರಡು ನಿಂದ್ರಬೇಕು. ಮೂರು ಎಣಿಸಿ ಇಳೀಬೇಕು. ಅವಸರ ಮಾಡಿದ್ರ ಏನೂ ಸಿಗಂಗಿಲ್ಲ."

"ಏನು ಸಿಗ್ತದ ಮಗಳ?" ಎಂದು ಕಾಶೀಬಾಯಿ ಕಾಕು ಫಕ್ಕನೆ ಕೇಳಿದರು.

"ಅದು... ಅವರವರಿಗೆ ಬೇಕಾದ್ದು," ಎಂದೆ.

ಯಾವ ಸ್ವಾಮಿಗಳೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂರನೇ ವಾರ ಒಂದು ಆಟೋ ಬಂದು ನಮ್ಮ ಮನೆಯ ಮುಂದೆ ನಿಂತಿತು. ಪ್ರಿನ್ಸಿಪಾಲ್ ಸಾಹೇಬರ ಹೆಂಡತಿ ಪ್ರಮೀಳಾಬಾಯಿ ಇಳಿದರು. ನನ್ನ ಹಿಮ್ಮಡಿ ತಾನಾಗಿಯೇ ನೆಟ್ಟಗಾಯಿತು.

"ನಿಮ್ಮ ಹೊಸ್ತಲ ನೇಮದ ಸುದ್ದಿ ಕೇಳೀನ್ರಿ ಮೇಡಂ. ನನಗೂ ಹೇಳಿಕೊಡ್ರಿ," ಎಂದರು. ಆಮೇಲೆ ಮೆಲ್ಲಗೆ, "ನಮ್ಮ ಸಾಹೇಬ್ರಿಗೆ ಹೇಳಬ್ಯಾಡ್ರಿ. ಅವರು ಇಂಥಾದ್ದೆಲ್ಲ ನಂಬಂಗಿಲ್ಲ."

"ಇಲ್ರಿ, ನಾನೂ ಅವರಿಗೆ ಏನೂ ಹೇಳಂಗಿಲ್ಲ," ಎಂದೆ. ಜೀವನದಲ್ಲಿ ಅಷ್ಟು ಮನಃಪೂರ್ವಕವಾಗಿ ನಾನು ಯಾರಿಗೂ ಮಾತು ಕೊಟ್ಟಿಲ್ಲ. ಅವರ ಕಾಲಿನ ಕೋನವನ್ನು ಸರಿಪಡಿಸಿದೆ. ಚೌಕಟ್ಟಿಗೆ ಜೋತುಬೀಳದೆ ಬೆರಳು ಮಾತ್ರ ತಾಗಿಸಬೇಕೆಂದು ತಿಳಿಸಿದೆ. ಅವರು ನನ್ನ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಹೋದರು.

ಹೀಗೆ ಶ್ರಾವಣದ ಮೊದಲ ಸೋಮವಾರ ಬಂತು. ಹಿಂದಿನ ದಿನವೇ ಕಾಶೀಬಾಯಿ ಕಾಕು ನಮ್ಮ ಕಟ್ಟೆಯ ಮೇಲೆ ಕೂತು ಘೋಷಿಸಿದರು.

"ನಾಳಿ ಎಲ್ಲಾರೂ ನೂರಾ ಎಂಟು."

ನಾನು ಎರಡೂ ಕೈ ಅಡ್ಡ ಆಡಿಸಿದೆ. "ಬ್ಯಾಡ್ರಿ ಕಾಕು. ಮೂವತ್ತಾರ ಬರಾಬರ್. ಹನ್ನೆರಡು ಮೂರ್ಲೆ ಮೂವತ್ತಾರು."

ಕಾಕು ಬೆರಳು ಮಡಚಿ ಲೆಕ್ಕ ಹಾಕಿದರು. "ಮೂವತ್ತಾರು ಮೂರ್ಲೆ?"

ನಾನು ಕಟ್ಟೆಯ ಮೇಲಿನ ಧೂಳು ಒರೆಸತೊಡಗಿದೆ.

"ನೂರಾ ಎಂಟು," ಎಂದು ಅವರೇ ಹೇಳಿ, ನನ್ನ ಕಡೆಗೆ ಹೊಸ ಗೌರವದಿಂದ ನೋಡಿದರು. "ಎಲ್ಲಾ ಮೊದಲ ಲೆಕ್ಕ ಹಾಕಿ ಇಟ್ಟೀದಿ. ಹೇಳಿಲ್ಲ ಅಷ್ಟ."

ಆ ಸೋಮವಾರ ಸಂಜೆ ಇಡೀ ಓಣಿ ಸಿದ್ಧವಾಗಿ ನಿಂತಿತ್ತು. ಪ್ರಮೀಳಾಬಾಯಿ ತಮ್ಮ ಮನೆಯ ಹೊಸ್ತಿಲು ತಗ್ಗು ಎಂದು ಕಾಕುವಿನ ಹೊಸ್ತಿಲಿಗೆ ಬಂದು ನಿಂತಿದ್ದರು. ಎಲ್ಲರ ಕಣ್ಣು ನನ್ನ ಮೇಲೆ. ಮೂವತ್ತಾರಕ್ಕೆ ಇಳಿದು ಒಳಗೆ ಹೋಗಬೇಕೆಂದು ನಾನು ನಿರ್ಧರಿಸಿದ್ದೆ. ಮೂವತ್ತಾರು ಆಯಿತು. ಹಿಂದಿನಿಂದ ಕಾಕುವಿನ ದನಿ ಬಂತು, "ಮೇಡಂ ನಿಂತಾಳ, ನೀವೂ ನಿಂದರ್ರಿ." ನಾನು ಇಳಿಯಲು ನಿಂತಿದ್ದೆ. ಅವರು ಮುಂದುವರಿಯಲು ನಿಂತಿದ್ದೇನೆ ಎಂದುಕೊಂಡರು. ಸಂಕೋಚದವರಿಗೆ ಇಂಥ ಹೊತ್ತಿನಲ್ಲಿ ಬಾಯಿ ಬರುವುದಿಲ್ಲ. ಕಾಲು ಮಾತ್ರ ಬರುತ್ತದೆ. ಮತ್ತೆ ಏರಿದೆ.

ಅರವತ್ತರ ಹೊತ್ತಿಗೆ ಹಿಮ್ಮಡಿ ಬಿಸಿಯಾಯಿತು. ಎಂಬತ್ತರ ಹೊತ್ತಿಗೆ ನನ್ನ ಕೆಲಸಗಾರರು ಹಾಡು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡತೊಡಗಿದರು. ತೊಂಬತ್ತಕ್ಕೆ ಅವರು ಸೂಜಿ ದಾರ ಕೆಳಗಿಟ್ಟರು. ನೂರಕ್ಕೆ ಬುತ್ತಿ ಕಟ್ಟಿ ಎದ್ದರು. ನೂರಾ ಎಂಟಕ್ಕೆ ನಾನು ಕಣ್ಣು ತೆರೆದಾಗ ದೇವರ ಗೂಡಿನಲ್ಲಿ ಎರಡು ದೀಪ ಕಾಣುತ್ತಿದ್ದವು. ಅವ್ವ ಹಚ್ಚಿದ್ದು ಒಂದೇ.

ಮರುದಿನ ಮುಂಜಾನೆ ಮೊಳೆ ಇರಲಿಲ್ಲ. ಅದರ ಜಾಗದಲ್ಲಿ ಗೂಟ ಇತ್ತು. ಗೋಡೆ ಹಿಡಿದು ಕಾಲೇಜಿಗೆ ಹೋದೆ. ಎರಡನೇ ಪೀರಿಯಡ್ಡಿನಲ್ಲಿ, ಅರವತ್ತು ಮಕ್ಕಳ ಮುಂದೆ, ಹಲ್ಲಿಯ ಬಾಲ ಮತ್ತೆ ಬೆಳೆಯುವುದು ಹೇಗೆ ಎಂದು ವಿವರಿಸುತ್ತಿದ್ದೆ. ಹಲ್ಲಿಯ ಮೇಲೆ ಹೊಟ್ಟೆಕಿಚ್ಚು ಬಂತು. ಕಾಲು ಸೋತಿತು. ಕೈಗೆ ಕುರ್ಚಿ ತಗುಲಿತು, ಕೂತೆ. ಕೂತ ಅರ್ಧ ನಿಮಿಷಕ್ಕೆ ಕಿಟಕಿಯಲ್ಲಿ ಪ್ರಿನ್ಸಿಪಾಲ್ ಸಾಹೇಬರ ಮುಖ ಕಂಡಿತು.

"ಮೇಡಂ, ಪೀರಿಯಡ್ ಮುಗದ ಮ್ಯಾಲ ನನ್ನ ಕೋಣಿಗೆ ಬರ್ರಿ," ಎಂದರು.

ಉಳಿದ ಇಪ್ಪತ್ತು ನಿಮಿಷ ನಾನು ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಹಲ್ಲಿಗೆ ಬಾಲ ಬಂತೋ ಇಲ್ಲವೋ ಮಕ್ಕಳನ್ನೇ ಕೇಳಬೇಕು. ಮನಸ್ಸಿನಲ್ಲಿ ಮುಂದಿನ ವರ್ಷದ ಚಿತ್ರ ಬಂದಿತ್ತು. ನಾನು ಮನೆಯಲ್ಲಿ, ಕುರ್ಚಿಯ ಮೇಲೆ, ಹಿಮ್ಮಡಿಗೆ ಯಾವ ತ್ರಾಸೂ ಇಲ್ಲದೆ, ಬಹಳ ಆರಾಮವಾಗಿ ಕೂತಿದ್ದೆ. ಕೆಲಸವೊಂದೇ ಇರಲಿಲ್ಲ.

ಸಾಹೇಬರ ಕೋಣೆಗೆ ಹೋದೊಡನೆ, ಅವರು ಕೇಳುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಹಿಮ್ಮಡಿ, ಹುಮನಾಬಾದು, ಮಷೀನು, ಖಣ, ಹೊಸ್ತಿಲು, ಮೂವತ್ತಾರು ಮೂರ್ಲೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರ ಅದು ನೇಮ ಅಲ್ಲ?"

"ಅಲ್ರಿ ಸರ್. ಹಿಮ್ಮಡದ ವ್ಯಾಯಾಮ."

"ನಮ್ಮ ಮನಿಯಾಕಿ ಮುಂಜಾನಿಂದ ಹಾಸಿಗಿ ಬಿಟ್ಟು ಎದ್ದಿಲ್ಲ. ಮೀನಖಂಡ ಹಿಡಕೊಂಡಾಳ. ಎದಕ್ಕ ಅಂತ ಕೇಳಿದ್ರ ಹೇಳಂಗಿಲ್ಲ. ಹಾಲು ಹಾಕಾಕ ಬಂದಾಕಿ ನಿಮ್ಮ ಹೊಸ್ತಲ ನೇಮದ ಸುದ್ದಿ ಹೇಳಿದ್ಲು, ಅದಕ್ಕ ನಿಮ್ಮನ್ನ ಕರೆದೆ. ಚಹಾ ನಾನ ಮಾಡೀನಿ. ಹಾಲೆಲ್ಲಾ ಉಕ್ಕಿ ಹೋತು." ಅವರು ಸ್ವಲ್ಪ ಹೊತ್ತು ಆ ಹಾಲನ್ನು ನೆನೆದರು. "ನಿಮ್ಮ ಹಿಮ್ಮಡ ನೋಯ್ತದಂತ ಮೊದಲ ಯಾಕ ಹೇಳಲಿಲ್ರಿ?"

"ಕುಂತು ಪಾಠ ಮಾಡಿದವರನ್ನ ಮುಂದಿನ ವರ್ಷ ಕರಿಯಂಗಿಲ್ಲ ಅಂತ..."

"ಯಾರು ಹೇಳಿದ್ರು?"

ಶಿವಲೀಲಾ ಮೇಡಂ ಹೆಸರು ಹೇಳುವಂತಿರಲಿಲ್ಲ. "ನೀವು ಕಿಟಕ್ಯಾಗ ನೋಡ್ತೀರಲ್ರಿ ಸರ್, ದಿನಾ."

"ನಾ ನೋಡೋದು ಫ್ಯಾನು," ಎಂದರು ಸಾಹೇಬರು. "ಖಾಲಿ ಕ್ಲಾಸಿನ್ಯಾಗ ಫ್ಯಾನು ತಿರಗತಿರ್ತಾವ. ಬಂದ್ ಮಾಡೋರು ಯಾರೂ ಇಲ್ಲ. ನೀವು ಕುಂತೀರೋ ನಿಂತೀರೋ ನನಗೇನು ಮಾಲೂಮ್ರಿ? ನಿಮ್ಮ ತಲಿ ಮ್ಯಾಲಿಂದ ನೋಡ್ತೀನಿ ನಾ."

ಹತ್ತು ತಿಂಗಳು ನಾನು ಒಂದು ಫ್ಯಾನಿನ ಕೆಳಗೆ, ಅದರ ಮರ್ಯಾದೆಗಾಗಿ, ನಿಂತಿದ್ದೆ.

"ಮುಂದಿನ ವರ್ಷ ಕರೀತೇವಿ, ಬರ್ರಿ. ಕುರ್ಚಿ ಮ್ಯಾಲ ಕುಂದರ್ರಿ," ಎಂದರು. "ಆದ್ರ ಇವತ್ತ ಸಂಜಿಗೆ ಹೋಗಿ ನಿಮ್ಮ ಓಣ್ಯಾಗ ಖರೆ ಹೇಳ್ರಿ. ನಮ್ಮಾಕಿಗೂ ಹೇಳ್ರಿ. ನಾಳಿ ಚಹಾ ನಾ ಮಾಡಂಗಿಲ್ಲ."

ಇಷ್ಟಾದ ಮೇಲೆ ಹೇಳದೆ ಉಪಾಯವಿರಲಿಲ್ಲ. ಆ ಸಂಜೆ ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ ಕೂತು, ಸೊಂಟ ಮೀನಖಂಡ ಹಿಡಿದುಕೊಂಡು ಬಂದ ಹೆಂಗಸರಿಗೆಲ್ಲ ಹೇಳಿದೆ. ಇದು ನೇಮವಲ್ಲ, ನನ್ನ ಬಲಗಾಲಿನ ಹಿಮ್ಮಡಿ ನೋಯುತ್ತದೆ, ಇದು ಅದರ ವ್ಯಾಯಾಮ. ಹೇಳಿ, ತಲೆ ತಗ್ಗಿಸಿ, ಬೈಗುಳಕ್ಕೆ ಕಾದೆ.

ಕಾಶೀಬಾಯಿ ಕಾಕು ನನ್ನ ಕಾಲು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಸರಿಯಾಗಿ ಅದೇ ಜಾಗ. ಹುಮನಾಬಾದಿನವರು ಒತ್ತಿದ್ದಕ್ಕಿಂತ ಗಟ್ಟಿ.

"ಇಷ್ಟಕ್ಕ ಮುಚ್ಚಿಟ್ಟೀದೇನು ಹುಚ್ಚಿ? ಇದೇನು ಕೆಟ್ಟ ಸುದ್ದಿಯೇನು?" ಎಂದರು. "ನನ್ನವು ಎರಡೂ ನೋಯ್ತಿದ್ವು, ನಾಕು ವರ್ಷದಿಂದ. ಮುಂಜಾನಿ ಎದ್ದು ಎಮ್ಮಿ ಕಡಿ ಹೋಗೋ ಹೊತ್ತಿಗೆ ದೇವರು ಕಾಣತಿದ್ದ. ಈ ಹದಿನೈದು ದಿನ ಹಗುರ ಆಗ್ಯಾವ. ನೇಮ ಫಲ ಕೊಡಾಕತ್ತದ ಅಂತ ಸುಮ್ಮನಿದ್ದೆ."

"ನಂದು ಎಡಗಾಲಿಂದು," ಎಂದರು ಎದುರು ಮನೆಯವರು.

"ನನಗ ಮಣಕಾಲು," ಎಂದು ಇನ್ನೊಬ್ಬರು.

ಹತ್ತು ನಿಮಿಷದಲ್ಲಿ ಓಣಿಯ ಕಾಲುಗಳೆಲ್ಲ ನಮ್ಮ ಕಟ್ಟೆಯ ಮೇಲೆ ಚಾಚಿಕೊಂಡವು. ಯಾರೋ ಕಾಸಿದ ಇಟ್ಟಂಗಿ ತಂದರು, ಯಾರೋ ಎಕ್ಕದ ಎಲೆ ತಂದರು. ಇಟ್ಟಂಗಿಯ ಮೇಲೆ ಎಲೆ ಇಟ್ಟು ಅದರ ಮೇಲೆ ಹಿಮ್ಮಡಿ ಊರಬೇಕಂತೆ. ನಾನು, "ಫಿಸಿಯೋ ಮೇಡಂನ್ನ ಕೇಳದ ಬ್ಯಾಡ್ರಿ," ಎಂದೆ.

"ಹಂಗಾದ್ರ ಕೇಳೋಣು ನಡಿ," ಎಂದರು ಕಾಕು. "ಹೆಣ್ಣಮಕ್ಕಳಿಗೆ ಬಸ್ಸಿಗೆ ಟಿಕೀಟಂತೂ ಇಲ್ಲ."

ಹೀಗೆ ಶನಿವಾರ ಎಂಟು ಜನ ಹುಮನಾಬಾದಿನ ಬಸ್ಸು ಹತ್ತಿದೆವು. ಇಷ್ಟು ಜನ ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ. ಕಾಕು ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ ಹೇಳಿದರು, "ಈಕೀದು ಹಿಮ್ಮಡ ನೋಯ್ತದರಿ. ಬಲಗಾಲಿಂದು." ಹೆದ್ದಾರಿಯ ಬಂಗ್ಲಾ ಸ್ಟಾಪು ದಾಟುವ ಹೊತ್ತಿಗೆ ನನಗೆ ಮೂರು ತರಹದ ಎಣ್ಣೆ, ಒಂದು ಕಷಾಯ, ಒಬ್ಬ ನಾಟಿ ವೈದ್ಯರ ವಿಳಾಸ ಸಿಕ್ಕಿದ್ದವು. ನಾನು ಕಿಟಕಿಯ ಹೊರಗೆ ಹೆಸರುಕಾಳಿನ ಹೊಲಗಳನ್ನು ನೋಡುತ್ತ, ನಾನು ಬೇರೆ ಯಾರೋ ಎಂದು ಕಲ್ಪಿಸಿಕೊಳ್ಳಲು ಪ್ರಯತ್ನಿಸಿದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಕಾಲು ನೋಡುತ್ತಿದ್ದ.

ಫಿಸಿಯೋ ಮೇಡಂ ಎಂಟು ಜನರನ್ನು ಕಂಡು ಗಾಬರಿಯಾಗಲಿಲ್ಲ. ಎಲ್ಲ ಕೇಳಿಸಿಕೊಂಡು, ನಗು ತಡೆದುಕೊಂಡು, "ಎರಡು ವಾರ ಬಿಡುವು. ಆಮ್ಯಾಲ ಮೊದಲಿಂದ ಚಾಲೂ," ಎಂದರು. ಮೂಲೆಯಲ್ಲಿದ್ದ ಮರದ ಮೆಟ್ಟಿಲು ತೋರಿಸಿ, "ನೀವು ಹ್ಯಾಂಗ ಮಾಡ್ತಿದ್ರಿ, ನಿಧಾನ ಒಂದು ಸಲ ತೋರಸ್ರಿ," ಎಂದರು.

ಇದೊಂದು ವಿಷಯದಲ್ಲಿ ನನಗೆ ಅಳುಕಿರಲಿಲ್ಲ. ಇಡೀ ಓಣಿಗೆ ಕಲಿಸಿದವಳು. ಹತ್ತಿದೆ, ಕಣ್ಣು ಮುಚ್ಚಿದೆ, ಮೂರು, ಎರಡು, ಮೂರು.

"ಮೇಡಂ," ಎಂದರು ಅವರು, "ನೀವು ಏರ್ತೀರಿ ಬರಾಬರ್. ಇಳಿಯಂಗ ಇಲ್ಲ. ಅರ್ಧಕ್ಕ ನಿಂತು ಮತ್ತ ಏರಾಕತ್ತೀರಿ. ಹಿಮ್ಮಡ ಮೆಟ್ಟಿಲದಕಿಂತ ಕೆಳಗ ಹೋಗಬೇಕು, ಅದ ಖರೆ ವ್ಯಾಯಾಮ. ಕಣ್ಣು ಮುಚ್ಚಿ ಎಲ್ಲಿಗೆ ಹೋಗಿರ್ತೀರಿ?"

ಎಲ್ಲಿಗೆ ಎಂದು ಹೇಳುವಂತಿರಲಿಲ್ಲ. ಮೂರು ವಾರ ನಾನು ಮಾಡಿದ್ದು ವ್ಯಾಯಾಮವೂ ಅಲ್ಲ, ನೇಮವೂ ಅಲ್ಲ.

"ಬಾಜೂಕ ಸರಿ ಜರಾ," ಎಂದು ಕಾಶೀಬಾಯಿ ಕಾಕು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. ಕಣ್ಣು ಅಗಲವಾಗಿ ತೆರೆದಿದ್ದವು. ಮೂರು ಎಣಿಸುತ್ತ ಏರಿದರು, ಎರಡು ನಿಂತರು, ಮೂರು ಎಣಿಸುತ್ತ, ಬಾವಿಗೆ ಕೊಡ ಬಿಟ್ಟಷ್ಟು ನಿಧಾನವಾಗಿ, ಪೂರ್ತಿ ಕೆಳಗೆ ಇಳಿದರು.

ಫಿಸಿಯೋ ಮೇಡಂ ಅವರ ಹಿಮ್ಮಡಿಯನ್ನು ಒತ್ತಿ ನೋಡಿದರು. ಕಾಕು ಕಮಕ್ ಕಿಮಕ್ ಎನ್ನಲಿಲ್ಲ.

"ಇಷ್ಟು ಚಲೋ ಯಾರು ಕಲಿಸಿದ್ರಿ ನಿಮಗ?"

"ಈಕಿನ ಕಲಿಸ್ಯಾಳ್ರಿ," ಎಂದರು ಕಾಕು, ನನ್ನ ಬೆನ್ನು ತಟ್ಟಿ. "ಕಲಸಾಕ ಭಾಳ ಹುಷಾರ್ ಅದಾಳ. ಮಾಡಾಕಷ್ಟ ಬರಂಗಿಲ್ಲ."

ಫಿಸಿಯೋ ಮೇಡಂ ನನ್ನ ಫೈಲು ತೆರೆದು, ಹಳೆಯ ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಹೊಸದಾಗಿ ಬರೆದು ನನ್ನ ಕೈಗೆ ಕೊಟ್ಟರು. ಅಕ್ಷರ ಸ್ಪಷ್ಟವಾಗಿತ್ತು: "ಮನೆಯಲ್ಲಿ ವ್ಯಾಯಾಮ, ದಿನ ಬಿಟ್ಟು ದಿನ, ಕಣ್ಣು ತೆರೆದು, ಕಾಶೀಬಾಯಿಯವರ ಮೇಲ್ವಿಚಾರಣೆಯಲ್ಲಿ."